ಕ್ಯಾನ್ಸರ್ ಸಂಶೋಧನೆಗೆ ದೇಣಿಗೆ ಕೂಡಿಸೋಕೆ ಫುಲ್ ಮ್ಯಾರಥಾನ್: ಓಟದ ತಯಾರಿಗೂ ದುಡ್ಡು ಕೇಳೋದಕ್ಕೂ ಸಲಹೆ ಬೇಕು

ಮುಂಜಾವು

ಎಲ್ಲರಿಗೂ ನಮಸ್ಕಾರ. ಕ್ಯಾನ್ಸರ್ ಸಂಶೋಧನೆಗೆ ಹಣ ಒದಗಿಸುವ ಒಂದು ಟ್ರಸ್ಟ್ ಮೂಲಕ ಫುಲ್ ಮ್ಯಾರಥಾನ್‌ಗೆ ಹೆಸರು ಕೊಟ್ಟಿದ್ದೇನೆ. ಓಟಕ್ಕೆ ಇನ್ನೂ ಆರು ತಿಂಗಳಿದೆ. ಬಿಬ್ (ಎದೆಗೆ ಅಂಟಿಸೋ ಓಟದ ನಂಬರ್ ಚೀಟಿ) ಅವರೇ ಕೊಡ್ತಾರೆ, ಅದಕ್ಕೆ ಬದಲಾಗಿ ನಾನು ಇಂತಿಷ್ಟು ಅಂತ ಮೊತ್ತ ಕೂಡಿಸಿ ಕೊಡಬೇಕು. ಕಮ್ಮಿ ಬಿದ್ದರೆ ಉಳಿದದ್ದು ನನ್ನ ಕಾರ್ಡ್‌ನಿಂದಲೇ ಹೋಗುತ್ತೆ ಅಂತ ಫಾರಂನಲ್ಲಿ ಬರೆಸಿಕೊಂಡಿದ್ದಾರೆ.

ನನ್ನ ತಂಗಿಗೆ ಲಿಂಫೋಮಾ, ಅಂದ್ರೆ ಒಂದು ಥರದ ರಕ್ತದ ಕ್ಯಾನ್ಸರ್, ಆಗಿತ್ತು. ಕೀಮೋ ಮುಗಿದಿದೆ, ಈಗ ತಪಾಸಣೆಗೆ ಹೋಗಿ ಬರ್ತಾ ಇದ್ದಾಳೆ. ಅವಳ ಕಾರಣಕ್ಕೇ ನಾನು ಇದಕ್ಕೆ ಇಳಿದದ್ದು. ಸದ್ಯ ವಾರಕ್ಕೆ ಮೂರು ದಿನ ಓಡ್ತೀನಿ, 10 ಕಿ.ಮೀ. ನಿಲ್ಲದೆ ಮುಗಿಸ್ತೀನಿ. ಹಾಫ್ ಮ್ಯಾರಥಾನ್ ಇದುವರೆಗೆ ಓಡಿಲ್ಲ.

ಆರು ತಿಂಗಳಲ್ಲಿ 10ರಿಂದ 42ಕ್ಕೆ ಹೋಗಬಹುದಾ? ಹೋಗಬಹುದು ಅಂದ್ರೆ ಹೇಗೆ? ಇನ್ನೊಂದು ಸಮಸ್ಯೆ ಇದಕ್ಕಿಂತ ದೊಡ್ಡದು. ಜನರ ಹತ್ತಿರ ದುಡ್ಡು ಕೇಳೋಕೆ ಬಾಯೇ ಬರ್ತಿಲ್ಲ. ಅದಕ್ಕಿಂತ ಓಟವೇ ವಾಸಿ ಅನ್ನಿಸ್ತಿದೆ.

ನಿಧಾನಗಾಲು

ಹೋಗಬಹುದು. ಆರು ತಿಂಗಳು ಸಾಕು, ಆದರೆ ಧಾರಾಳ ಏನಲ್ಲ.

ಮೊದಲು ವೇಗ ಇಳಿಸಿ. ಹೊಸಬರು ಎಲ್ಲ ದಿನವೂ ಒಂದೇ ವೇಗದಲ್ಲಿ ಓಡ್ತಾರೆ. ಅದು ಸುಲಭದ್ದೂ ಅಲ್ಲ, ಕಠಿಣದ್ದೂ ಅಲ್ಲ, ಸುಸ್ತು ಮಾತ್ರ ಗ್ಯಾರಂಟಿ. ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡ್ತಾ ಓಡೋಕಾಗಬೇಕು. ಎರಡು ಮಾತಿಗೊಮ್ಮೆ ಉಸಿರು ಎಳ್ಕೊಳ್ತಿದ್ದರೆ ಜೋರಾಯ್ತು ಅಂತಲೇ ಲೆಕ್ಕ. ವಾರದ ಓಟದಲ್ಲಿ ಐದಕ್ಕೆ ನಾಲ್ಕು ಪಾಲು ಈ ವೇಗದಲ್ಲೇ ಇರಲಿ. ವಾಚ್‌ನಲ್ಲಿ ಬರೋ ಪೇಸ್ ನೋಡಿ ನಾಚಿಕೆ ಆಗುತ್ತೆ, ಆಗಲಿ ಬಿಡಿ.

ವಾರಕ್ಕೆ ನಾಲ್ಕು ಓಟ ಸಾಕು, ಅದರಲ್ಲೊಂದು ಲಾಂಗ್ ರನ್, ಅಂದ್ರೆ ವಾರದ ಅತಿ ಉದ್ದದ ಓಟ. ಮೂರು ವಾರ ಸ್ವಲ್ಪಸ್ವಲ್ಪವೇ ಏರಿಸಿ, ನಾಲ್ಕನೇ ವಾರ ಇಳಿಸಿ, ಮತ್ತೆ ಏರಿಸಿ. ವಾರಕ್ಕೆ ಶೇ 10ಕ್ಕಿಂತ ಹೆಚ್ಚು ಏರಿಸಬಾರದು ಅನ್ನೋ ಸೂತ್ರ ಎಲ್ಲ ಕಡೆ ಸಿಗುತ್ತೆ. ನೆದರ್‌ಲ್ಯಾಂಡ್ಸ್‌ನಲ್ಲಿ ಹೊಸ ಓಟಗಾರರನ್ನು ಎರಡು ಗುಂಪು ಮಾಡಿ ಇದನ್ನು ಪರೀಕ್ಷಿಸಿದ್ದರು, ಫಲಿತಾಂಶ 2008ರಲ್ಲಿ ಬಂತು. ಸೂತ್ರ ಪಾಲಿಸಿದವರಲ್ಲೂ ಪಾಲಿಸದವರಲ್ಲೂ ಗಾಯ ಆದದ್ದು ಹತ್ತಿರಹತ್ತಿರ ಒಂದೇ ಪ್ರಮಾಣ, ಐವರಲ್ಲಿ ಒಬ್ಬರಿಗೆ. ಹಾಗಂತ ಸಿಕ್ಕಾಪಟ್ಟೆ ಏರಿಸಿ ಅಂತ ಅರ್ಥ ಅಲ್ಲ. ಸೂತ್ರ ಪಾಲಿಸ್ತಿದ್ದೀನಿ, ನನಗೇನೂ ಆಗಲ್ಲ ಅನ್ನೋ ಧೈರ್ಯ ಬೇಡ ಅಷ್ಟೇ.

ಲಾಂಗ್ ರನ್ 30-32 ಕಿ.ಮೀ.ವರೆಗೆ ಹೋದರೆ ಸಾಕು. ನಿಮ್ಮ ವೇಗದಲ್ಲಿ ಅದಕ್ಕೆ ಮೂರೂವರೆ ಗಂಟೆ ಮೀರಿದರೆ ಗಂಟೆ ನೋಡಿ ನಿಲ್ಲಿಸಿ, ಕಿಲೋಮೀಟರ್ ನೋಡಬೇಡಿ. ತಯಾರಿಯಲ್ಲಿ 42 ಓಡಿ ನೋಡೋ ಆಸೆ ಬೇಡವೇ ಬೇಡ. ಕೊನೆಯ ಎರಡು ಮೂರು ವಾರ ಟೇಪರ್, ಅಂದ್ರೆ ಓಟ ಇಳಿಸ್ತಾ ಬರೋದು. ಆಗ ಕೈಕಾಲು ಸುಮ್ಮನಿರಲ್ಲ, ಇಲ್ಲದ ನೋವೆಲ್ಲ ಕಾಣಿಸ್ಕೊಳ್ಳುತ್ತೆ, ಸಹಿಸ್ಕೊಳ್ಳಿ.

ಇನ್ನು ಹೊಟ್ಟೆ ವಿಷಯ. ದೇಹ ಕಾರ್ಬೋಹೈಡ್ರೇಟನ್ನು ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟುಕೊಳ್ಳೋದು ಹೆಚ್ಚೆಂದರೆ ಅರ್ಧ ಕಿಲೋ ಆಸುಪಾಸು. 30ನೇ ಕಿ.ಮೀ. ದಾಟಿದ ಮೇಲೆ ಅದು ತಳ ಕಾಣೋಕೆ ಶುರುವಾಗುತ್ತೆ, ಕಾಲು ಕಟ್ಟಿ ಹಾಕಿದ ಹಾಗೆ ಆಗೋದು ಆಗಲೇ. ಅದಕ್ಕೆ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಒಳಗೆ ಹೋಗ್ತಾ ಇರಬೇಕು. ಓಟಗಾರರು ನುಂಗೋ ಸಕ್ಕರೆಯ ಜೆಲ್ಲೋ ಇನ್ನೊಂದೋ, ನಿಮ್ಮ ಹೊಟ್ಟೆಗೆ ಯಾವುದು ಒಗ್ಗುತ್ತೆ ಅಂತ ಲಾಂಗ್ ರನ್‌ನಲ್ಲೇ ನೋಡ್ಕೊಂಡಿರಿ. ಓಟದ ದಿನ ಹೊಸ ಜೆಲ್, ಹೊಸ ಶೂ, ಹೊಸ ಬಟ್ಟೆ ಯಾವುದೂ ಬೇಡ.

ಗುಂಡುಸೂಜಿ

ಮ್ಯಾರಥಾನ್ 42 ಕಿ.ಮೀ., ಸರಿ. ಅದರ ಮೇಲೆ ಇನ್ನೂ 195 ಮೀಟರ್ ಇದೆಯಲ್ಲ, ಅದು ಯಾರ ಪಾಪದ ಫಲ?

ನಿಧಾನಗಾಲು

1908ರ ಲಂಡನ್ ಒಲಿಂಪಿಕ್ಸ್. ವಿಂಡ್ಸರ್ ಅರಮನೆಯಿಂದ ಶುರು ಮಾಡಿ ಕ್ರೀಡಾಂಗಣದಲ್ಲಿ ರಾಜಮನೆತನದವರು ಕೂತ ಜಾಗದ ಮುಂದೆ ಮುಗಿಸಿದರು. ಆ ಅಳತೆಯನ್ನೇ 1921ರಲ್ಲಿ ಕಾಯಂ ಮಾಡಿದರು. ಕೊನೆಯ ತಿರುವಿನಲ್ಲಿ ಯಾರನ್ನು ಬೈಬೇಕು ಅಂತ ಗೊತ್ತಿದ್ದರೆ ಒಳ್ಳೇದು.

ದಾರಿಹೋಕ

ಬೇಜಾರು ಮಾಡ್ಕೋಬೇಡಿ, ನೇರವಾಗಿ ಕೇಳ್ತೀನಿ. ಕ್ಯಾನ್ಸರ್ ಸಂಶೋಧನೆಗೆ ಕೊಡಬೇಕು ಅನ್ನೋರು ಸೀದಾ ಕೊಟ್ಟುಬಿಡಬಹುದಲ್ಲ? ಮಧ್ಯೆ ಒಬ್ಬರು ಬೆವರು ಸುರಿಸಬೇಕು, ಫೋಟೋ ಹಾಕಬೇಕು, ಅದನ್ನು ನೋಡಿ ನಾವು ಕೊಡಬೇಕು ಅಂದ್ರೆ ಇದ್ಯಾವ ನ್ಯಾಯ? ಬಿಬ್ಬು, ಟೀ ಶರ್ಟು, ಮೆಡಲ್ಲು ಅಂತೆಲ್ಲ ಹೋದ ಮೇಲೆ ಲ್ಯಾಬಿಗೆ ಎಷ್ಟು ತಲುಪುತ್ತೋ ದೇವರಿಗೇ ಗೊತ್ತು. ನಮ್ಮ ಆಫೀಸಲ್ಲಿ ಪ್ರತಿ ವರ್ಷ ಯಾರಾದರೂ ಇಂಥ ಲಿಂಕ್ ಕಳಿಸ್ತಾರೆ. ದುಡ್ಡು ಎಲ್ಲಿಗೆ ಹೋಗುತ್ತೆ ಅಂತ ಎರಡು ಸಾಲು ಒಂದರಲ್ಲೂ ಇರಲ್ಲ.

ಲೆಕ್ಕಪತ್ರ

ನಿಮ್ಮ ಕೊನೆಯ ಮಾತು ನೂರಕ್ಕೆ ನೂರು ಸರಿ. ಮೊದಲನೆಯದನ್ನು ಒಪ್ಪಲ್ಲ. ಸೀದಾ ಕೊಡಬಹುದು ನಿಜ, ಆದರೆ ಯಾರೂ ಕೇಳದಿದ್ದರೆ ಕೊಡೋರು ಕಮ್ಮಿ. 1988ರಲ್ಲಿ ಬ್ರೂಸ್ ಕ್ಲೀಲಂಡ್ ಅನ್ನೋರು ಲ್ಯುಕೇಮಿಯಾ (ರಕ್ತದ ಕ್ಯಾನ್ಸರ್) ಆಗಿದ್ದ ಮಗಳ ಸಲುವಾಗಿ 38 ಜನರ ತಂಡ ಕಟ್ಟಿ ನ್ಯೂಯಾರ್ಕ್ ಮ್ಯಾರಥಾನ್ ಓಡಿದರು. ಕೂಡಿದ್ದು 3,22,000 ಡಾಲರ್. ಟೀಮ್ ಇನ್ ಟ್ರೈನಿಂಗ್ ಅನ್ನೋ ಕಾರ್ಯಕ್ರಮ ಹುಟ್ಟಿದ್ದು ಅಲ್ಲಿಂದ. ಆ 38 ಜನ ಮನೆಯಲ್ಲೇ ಕೂತಿದ್ದರೆ ಆ ದುಡ್ಡು ತಾನಾಗಿ ಬರ್ತಿತ್ತು ಅಂತ ನನಗನ್ನಿಸಲ್ಲ. ಬಾಸ್ಟನ್‌ನ ಡೇನಾ-ಫಾರ್ಬರ್ ಕ್ಯಾನ್ಸರ್ ಸಂಸ್ಥೆ 1990ರಿಂದ ತನ್ನೂರಿನ ಮ್ಯಾರಥಾನ್‌ನಲ್ಲಿ ಇದೇ ಕೆಲಸ ಮಾಡ್ತಿದೆ. ಓಟಗಾರರು ತಂದ ದುಡ್ಡು ಪೂರ್ತಿ ಅಲ್ಲಿನ ಮೂಲ ಸಂಶೋಧನೆಯ ನಿಧಿಗೇ ಹೋಗುತ್ತೆ.

ಎಲ್ಲ ಕಡೆಯೂ ಹಾಗಿರಲ್ಲ. ಅದಕ್ಕೇ ಮುಂಜಾವು ಅವರೇ, ಇವತ್ತೇ ಟ್ರಸ್ಟ್‌ಗೆ ಒಂದು ಮೇಲ್ ಹಾಕಿ. ನೂರರಲ್ಲಿ ಎಷ್ಟು ಸಂಶೋಧನೆಗೆ, ಎಷ್ಟು ಆಡಳಿತಕ್ಕೆ? ಸಂಶೋಧನೆಗಾ, ರೋಗಿಗಳ ಚಿಕಿತ್ಸೆಯ ನೆರವಿಗಾ? ಎರಡೂ ಒಳ್ಳೆಯದೇ, ಆದರೆ ಎರಡೂ ಬೇರೆ ಬೇರೆ. ಬಿಬ್‌ನ ಖರ್ಚು ದೇಣಿಗೆಯಲ್ಲೇ ಕಳೀತಾರಾ? ಗಾಯವಾಗಿ ನೀವು ಓಡದೇ ಇದ್ದರೆ ಕೂಡಿದ ದುಡ್ಡು ಏನಾಗುತ್ತೆ, ನಿಮ್ಮ ಕಾರ್ಡ್ ಏನಾಗುತ್ತೆ? ಉತ್ತರ ಬರವಣಿಗೆಯಲ್ಲೇ ತರಿಸಿಕೊಳ್ಳಿ. ಪ್ರವೇಶ ಶುಲ್ಕ, ಶೂ, ಓಡಾಟದ ಖರ್ಚು ನಿಮ್ಮ ಜೇಬಿನಿಂದಲೇ ಹಾಕಿ, ಹಾಕಿದ್ದೀನಿ ಅಂತ ಕೇಳುವಾಗಲೇ ಹೇಳಿ. ದಾರಿಹೋಕರಂಥವರ ಅರ್ಧ ಅನುಮಾನ ಅಲ್ಲೇ ಹೋಗುತ್ತೆ.

ದಾರಿಹೋಕ

ಅರ್ಧ ಹೋಗುತ್ತೆ, ಒಪ್ಪಿದೆ. ಇನ್ನರ್ಧ ಇದೆ. ಕ್ಯಾನ್ಸರ್ ಸಂಶೋಧನೆಗೆ ಸರ್ಕಾರಗಳು, ಔಷಧ ಕಂಪನಿಗಳು ಸುರಿಯೋ ದುಡ್ಡಿನ ಮುಂದೆ ಒಬ್ಬ ಓಟಗಾರ ಕೂಡಿಸಿದ್ದು ಯಾವ ಲೆಕ್ಕಕ್ಕೆ?

ಲ್ಯಾಬ್‌ಮೂಲೆ

ನಾನು ಸಂಶೋಧನಾಲಯದಲ್ಲೇ ಕೆಲಸ ಮಾಡೋಳು, ಆದ್ದರಿಂದ ಈ ಬದಿಯ ಮಾತು ಹೇಳ್ತೀನಿ. ದೊಡ್ಡ ಅನುದಾನಕ್ಕೆ ಅರ್ಜಿ ಹಾಕಿದರೆ ಮೊದಲು ಕೇಳೋದು, ಈ ಯೋಚನೆ ಕೆಲಸ ಮಾಡುತ್ತೆ ಅನ್ನೋದಕ್ಕೆ ಆರಂಭದ ಪುರಾವೆ ಎಲ್ಲಿ ಅಂತ. ಆ ಪುರಾವೆ ಹುಟ್ಟಿಸೋಕೇ ದುಡ್ಡು ಬೇಕಲ್ಲ? ದೇಣಿಗೆಯ ಚಿಕ್ಕ ಮೊತ್ತ ಕೆಲಸಕ್ಕೆ ಬರೋದು ಅಲ್ಲಿ. ಒಂದಷ್ಟು ರಾಸಾಯನಿಕ, ಒಬ್ಬ ವಿದ್ಯಾರ್ಥಿಯ ಸಂಬಳ, ಒಂದು ವರ್ಷದ ಪ್ರಯೋಗ. ಹೆಚ್ಚಿನವು ಫೇಲ್ ಆಗುತ್ತವೆ, ಇದನ್ನೂ ಮುಚ್ಚಿಡಬಾರದು.

ಆಗದೇ ಇರೋದೇ ಎಲ್ಲ ಅಂತಲೂ ಅಲ್ಲ. ಇಮ್ಯಾಟಿನಿಬ್ ಮಾತ್ರೆಯ ಹೆಸರು ಕೇಳಿರ್ತೀರಿ. ದೀರ್ಘಕಾಲಿಕ ಮೈಲಾಯ್ಡ್ ಲ್ಯುಕೇಮಿಯಾಗೆ ಕೊಡೋದು, ಅಮೆರಿಕದಲ್ಲಿ 2001ರಲ್ಲಿ ಒಪ್ಪಿಗೆ ಸಿಕ್ಕಿದ್ದು. ಅದರ ಮೊದಲ ದೊಡ್ಡ ಪರೀಕ್ಷೆಯಲ್ಲಿ ಈ ಮಾತ್ರೆ ತಗೊಂಡ ಗುಂಪಿನಲ್ಲಿ ಹತ್ತು ವರ್ಷದ ನಂತರ ಬದುಕಿದ್ದವರು ಶೇ 83ರಷ್ಟು. ಆ ಮಾತ್ರೆಯ ಹಿಂದಿದ್ದ ಬ್ರಯಾನ್ ಡ್ರೂಕರ್ ಅವರ ಕೆಲಸಕ್ಕೆ ನೆರವು ಕೊಟ್ಟವರಲ್ಲಿ ಲ್ಯುಕೇಮಿಯಾ ಅಂಡ್ ಲಿಂಫೋಮಾ ಸೊಸೈಟಿಯೂ (2025ರಿಂದ ಹೆಸರು ಬ್ಲಡ್ ಕ್ಯಾನ್ಸರ್ ಯುನೈಟೆಡ್) ಒಂದು, ಮೇಲೆ ಹೇಳಿದ ಟೀಮ್ ಇನ್ ಟ್ರೈನಿಂಗ್ ನಡೆಸೋ ಸಂಸ್ಥೆ.

ಇನ್ನೊಂದು ಥರದ್ದೂ ಇದೆ. ದೊಡ್ಡಕರುಳಿನ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ, ಕೀಮೋ ಮುಗಿಸಿದ 889 ಜನರ ಮೇಲೆ ಚಾಲೆಂಜ್ ಅನ್ನೋ ಅಧ್ಯಯನ ನಡೀತು, 2025ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂತು. ಒಂದು ಗುಂಪಿಗೆ ಮೂರು ವರ್ಷ ತರಬೇತುದಾರರ ಜೊತೆ ವ್ಯಾಯಾಮ, ಇನ್ನೊಂದಕ್ಕೆ ಆರೋಗ್ಯ ಮಾಹಿತಿಯ ಪುಸ್ತಕಗಳು. ಐದು ವರ್ಷಕ್ಕೆ ರೋಗವಿಲ್ಲದೆ ಬದುಕಿದ್ದವರು ಮೊದಲ ಗುಂಪಿನಲ್ಲಿ ಶೇ 80.3, ಎರಡನೆಯದರಲ್ಲಿ ಶೇ 73.9. ನಡಿಗೆಯನ್ನು ಮಾತ್ರೆ ಮಾಡಿ ಮಾರೋಕಾಗಲ್ಲ, ಇಂಥದ್ದಕ್ಕೆ ಯಾವ ಔಷಧ ಕಂಪನಿ ಯಾಕೆ ದುಡ್ಡು ಹಾಕುತ್ತೆ? ಇದರ ಖರ್ಚು ಹೊತ್ತವರಲ್ಲಿ ಜನರ ದೇಣಿಗೆಯಿಂದ ನಡೆಯೋ ಕೆನಡಿಯನ್ ಕ್ಯಾನ್ಸರ್ ಸೊಸೈಟಿ ಇತ್ತು.

ದಾರಿಹೋಕ

ಇದು ಗೊತ್ತಿರಲಿಲ್ಲ. ಫೋಟೋ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ.

ಮುಂಜಾವು

ಎಲ್ಲರಿಗೂ ಧನ್ಯವಾದ. ಮೇಲ್ ಹಾಕಿದ್ದೀನಿ. ವೇಗ ಇಳಿಸಿ ಓಡ್ತಿದ್ದೀನಿ, ನಡೆಯೋರೂ ನನ್ನನ್ನು ದಾಟಿ ಹೋಗ್ತಾರೆ. ಹಾಳಾಗಿ ಹೋಗಲಿ.

ದುಡ್ಡು ಕೇಳೋ ಮೆಸೇಜ್ ಬರೆದಿದ್ದೀನಿ, ನೋಡಿ ಹೇಳಿ. ಫ್ಯಾಮಿಲಿ ಗ್ರೂಪ್, ಆಫೀಸ್ ಗ್ರೂಪ್, ಕಾಲೇಜು ಗೆಳೆಯರ ಗ್ರೂಪ್ ಎಲ್ಲಕ್ಕೂ ಇದನ್ನೇ ಹಾಕೋಣ ಅಂತ.

"ಆತ್ಮೀಯ ಬಂಧುಮಿತ್ರರೇ, ಮನುಕುಲವನ್ನೇ ಕಾಡುತ್ತಿರುವ ಕ್ಯಾನ್ಸರ್ ಎಂಬ ಮಹಾಮಾರಿಯನ್ನು ಬುಡಸಮೇತ ಕಿತ್ತೊಗೆಯುವ ಪಣ ತೊಟ್ಟು ನಾನು 42.195 ಕಿ.ಮೀ. ಓಡಲು ಸಜ್ಜಾಗಿದ್ದೇನೆ. ಈ ಮಹತ್ಕಾರ್ಯದಲ್ಲಿ ತಾವೆಲ್ಲರೂ ತಮ್ಮ ಕೈಲಾದ ಅಳಿಲು ಸೇವೆ ಸಲ್ಲಿಸಬೇಕಾಗಿ ವಿನಂತಿ." ಇದರ ಕೆಳಗೆ ತಂಗಿ ಆಸ್ಪತ್ರೆಯಲ್ಲಿದ್ದಾಗಿನ ಒಂದು ಫೋಟೋ, ಆಮೇಲೆ ಲಿಂಕ್.

ಗುಂಡುಸೂಜಿ

ವೇದಿಕೆ ಮೇಲೆ ಗಣ್ಯರು ಇನ್ನೂ ಬಂದಿಲ್ಲ, ಸ್ವಲ್ಪ ತಡೀರಿ.

ಎರಡನೇ ಇನಿಂಗ್ಸ್

ನನಗೆ ಸ್ತನ ಕ್ಯಾನ್ಸರ್ ಆಗಿತ್ತು. ಈಗ ಆರಾಮಾಗಿದ್ದೀನಿ, ಓಡ್ತೀನಿ ಕೂಡ. ಅದಕ್ಕೇ ಒಂದು ಮಾತು. ಆ ಫೋಟೋ ಹಾಕೋಕೆ ತಂಗಿಯನ್ನು ಕೇಳಿದ್ದೀರಾ? ಕೂದಲು ಉದುರಿದ್ದಾಗಿನ ನನ್ನ ಫೋಟೋ ನಮ್ಮ ಸಂಬಂಧಿಕರೊಬ್ಬರ ದೇಣಿಗೆ ಪೋಸ್ಟ್‌ನಲ್ಲಿ ಕಂಡಿತ್ತು. ದುಡ್ಡು ಬಂತಂತೆ, ಸಂತೋಷ. ಆದರೆ ಆಮೇಲೆ ಒಂದಷ್ಟು ತಿಂಗಳು ಎಲ್ಲಿ ಹೋದರೂ ಜನ ತಲೆ ಓರೆ ಮಾಡಿ "ಈಗ ಹೇಗಿದ್ದೀಯಮ್ಮಾ" ಅನ್ನೋರು. ಕೆಲಸ ಹುಡುಕ್ತಿದ್ದ ಸಮಯ ಬೇರೆ. ಅವಳ ಹೆಸರು, ಯಾವ ಕ್ಯಾನ್ಸರ್, ಯಾವ ಹಂತ ಅನ್ನೋದನ್ನು ಹೇಳಬೇಕಾ ಬೇಡವಾ ಅಂತ ತೀರ್ಮಾನ ಮಾಡೋಳು ಅವಳು, ನೀವಲ್ಲ.

ಇನ್ನೊಂದು. ನೀವು ಕಾಲು ನೋವು, ಉಗುರು ಕಪ್ಪಾಯ್ತು ಅಂತ ಒದ್ದಾಡೋದನ್ನು "ನಿನಗೋಸ್ಕರ" ಅಂತ ಅವಳ ಮುಂದೆ ದಿನಾ ಹೇಳಬೇಡಿ. ಅದು ಅವಳ ತಲೆ ಮೇಲೆ ಸಾಲ ಆಗಿ ಕೂರುತ್ತೆ.

ಲೆಕ್ಕಪತ್ರ

ಮೆಸೇಜ್‌ನಲ್ಲಿ ಇರಬೇಕಾದ್ದು ಒಂದೂ ಇಲ್ಲ. ಯಾವ ಟ್ರಸ್ಟ್, ದುಡ್ಡು ಯಾವುದಕ್ಕೆ, ಎಷ್ಟು ಬೇಕು, ಯಾವಾಗಿನೊಳಗೆ? ಗ್ರೂಪಿಗೆ ಹಾಕಿದರೆ ಎಲ್ಲರೂ ಕೈಮುಗಿಯೋ ಚಿತ್ರ ಹಾಕಿ ಬೇರೆಯವರು ಕೊಡ್ತಾರೆ ಬಿಡು ಅಂತ ಮುಂದೆ ಹೋಗ್ತಾರೆ. ಒಬ್ಬೊಬ್ಬರಿಗೆ ಬೇರೆ ಬೇರೆ ಬರೀರಿ, ಹೆಸರು ಹಿಡಿದು. ಕಷ್ಟ, ಆದರೆ ಅದೇ ಕೆಲಸ ಮಾಡೋದು.

ಯಾರನ್ನು ಮೊದಲು ಕೇಳ್ತೀರಿ ಅನ್ನೋದೂ ಮುಖ್ಯ. 2010ರ ಲಂಡನ್ ಮ್ಯಾರಥಾನ್ ಓಟಗಾರರ ದೇಣಿಗೆ ಪುಟಗಳನ್ನು ಅರ್ಥಶಾಸ್ತ್ರಜ್ಞರು ಕೂತು ನೋಡಿದ್ದಾರೆ. ಮುಂಚೆ ಕೊಟ್ಟವರ ಸರಾಸರಿ ಮೊತ್ತ ಏರಿದಷ್ಟೂ ಆಮೇಲೆ ಬಂದವರೂ ಏರಿಸಿ ಕೊಟ್ಟಿದ್ದಾರೆ. ಅಂದ್ರೆ ಮೊದಲ ಮೊತ್ತ ನಿಮ್ಮದೇ ಇರಲಿ, ಆಮೇಲೆ ಕೈಬಿಚ್ಚಿ ಕೊಡೋ ಎರಡು ಮೂರು ಜನ, ಅವರಾದ ಮೇಲೆ ಉಳಿದವರು. ಮತ್ತೆ ಇದನ್ನು ಈಗಲೇ ಶುರು ಮಾಡಿ. ಲಾಂಗ್ ರನ್ 25 ದಾಟಿದ ಮೇಲೆ ನಿಮಗೆ ಮಲಗೋದು ಬಿಟ್ಟು ಬೇರೆ ಯಾವುದಕ್ಕೂ ಮನಸ್ಸು ಬರಲ್ಲ.

ಮುಂಜಾವು

ತಂಗಿಯನ್ನು ಕೇಳಿದೆ. ಫೋಟೋ ಬೇಡ ಅಂದಳು, ಲಿಂಫೋಮಾ ಅಂತ ಹೇಳೋದಕ್ಕೆ ಅಡ್ಡಿಯಿಲ್ಲವಂತೆ. "ಅಳಿಲು ಸೇವೆ" ಓದಿ ಬಿದ್ದು ಬಿದ್ದು ನಕ್ಕಳು. ಹೊಸದನ್ನು ಅವಳೇ ಕೂತು ಬರೆದುಕೊಟ್ಟಿದ್ದಾಳೆ:

"ನಾನು ಮ್ಯಾರಥಾನ್ ಓಡೋಕೆ ತಯಾರಾಗ್ತಿದ್ದೀನಿ. ಜೊತೆಗೆ ರಕ್ತದ ಕ್ಯಾನ್ಸರ್‌ಗಳ ಸಂಶೋಧನೆಗೆ ದುಡ್ಡು ಕೂಡಿಸ್ತಿದ್ದೀನಿ. ನನ್ನ ತಂಗಿಗೆ ಲಿಂಫೋಮಾ ಆಗಿದ್ದು ನಿನಗೆ ಗೊತ್ತು. ಅವಳಿಗೆ ಕೊಟ್ಟ ಔಷಧಿಗಳೂ ಯಾರೋ ಹೀಗೆ ಕೊಟ್ಟ ದುಡ್ಡಿನಲ್ಲಿ ಲ್ಯಾಬಿನಿಂದ ಹೊರಗೆ ಬಂದಿರಬಹುದು. ಓಟದ ಖರ್ಚೆಲ್ಲ ನನ್ನದೇ. ನೀನು ಕೊಟ್ಟದ್ದು ಯಾವುದಕ್ಕೆ ಎಷ್ಟು ಹೋಗುತ್ತೆ ಅಂತ ಟ್ರಸ್ಟ್ ಬರೆದುಕೊಟ್ಟದ್ದನ್ನು ಕೆಳಗೆ ಹಾಕಿದ್ದೀನಿ. ಈ ತಿಂಗಳ ಕೊನೆಯೊಳಗೆ ಆದರೆ ಕೊಡು. ಆಗದಿದ್ದರೆ ಉತ್ತರ ಕೊಡಲೇಬೇಕು ಅಂತಿಲ್ಲ."

ಲೆಕ್ಕಪತ್ರ

ಕೊನೆಯ ಸಾಲು ಚೆನ್ನಾಗಿದೆ. ಕಳಿಸಿ.

ಎರಡನೇ ಇನಿಂಗ್ಸ್

ತಂಗಿಗೂ ಜೊತೆಯಲ್ಲಿ ಓಡೋ ಆಸೆ ಬಂದರೆ ಅಂತ ಇದನ್ನೂ ಬರೆದಿಡ್ತೀನಿ. ಕೀಮೋ ಆದ ಮೇಲೆ ನಡಿಗೆ, ವ್ಯಾಯಾಮ ಒಳ್ಳೆಯದು. ವಾರಕ್ಕೆ ಮೂರು ಸಲ ಅರ್ಧರ್ಧ ಗಂಟೆ ಮಾಡಿದರೂ ಆ ಬಿಡದ ಸುಸ್ತು ಕಮ್ಮಿಯಾಗುತ್ತೆ ಅಂತ 2019ರ ಅಂತರರಾಷ್ಟ್ರೀಯ ಮಾರ್ಗಸೂಚಿಯೇ ಹೇಳುತ್ತೆ. ಆದರೆ ಮ್ಯಾರಥಾನ್ ಬೇರೆ ಮಾತು. ಡಾಕ್ಸೊರುಬಿಸಿನ್ ಥರದ ಔಷಧಿ ಹೃದಯದ ಸ್ನಾಯುವನ್ನು ದುರ್ಬಲ ಮಾಡಬಹುದು, ಲಿಂಫೋಮಾಗೆ ಅದನ್ನು ಬಳಸೋದು ಸಾಮಾನ್ಯ. ಹಾಗಾಗಿ ತನ್ನ ಡಾಕ್ಟರ್ ಹತ್ತಿರ ಎಕೋ (ಹೃದಯದ ಸ್ಕ್ಯಾನ್) ಬೇಕಾ ಅಂತ ಕೇಳಿಕೊಂಡೇ ಶುರು ಮಾಡಲಿ. ವಿನ್‌ಕ್ರಿಸ್ಟಿನ್‌ನಂಥವು ಪಾದದ ನರಗಳನ್ನು ಜೋಮು ಹಿಡಿಸ್ತವೆ. ನನಗೆ ಬೇರೆ ಔಷಧಿಯಿಂದ ಅದೇ ಆಗಿತ್ತು, ಕಲ್ಲು ತುಳಿದದ್ದೂ ಗೊತ್ತಾಗ್ತಿರಲಿಲ್ಲ. ಅಂಥ ಪಾದದಲ್ಲಿ ಕತ್ತಲಲ್ಲಿ, ಉಬ್ಬುತಗ್ಗಿನಲ್ಲಿ ಓಡೋದು ಬೇಡ.

ಹೊಸ ಶೂ

ನಾನೂ ಇದೇ ಓಟಕ್ಕೆ ತಯಾರಾಗ್ತಿರೋನು. ನೀರು ಎಷ್ಟು ಕುಡೀಬೇಕು ಅನ್ನೋದೇ ಗೊಂದಲ. ಸಿಕ್ಕ ಸಿಕ್ಕ ಕಡೆ ಎಲ್ಲ ಕುಡೀತಾ ಹೋಗು ಅಂತ ನಮ್ಮ ಗುಂಪಿನಲ್ಲಿ ಹೇಳ್ತಾರೆ.

ಕೀಲುಮೂಳೆ

ಫಿಸಿಯೋ ನಾನು. ಬೇಡ. ಬಾಯಾರಿದಾಗ ಕುಡೀರಿ. 2002ರ ಬಾಸ್ಟನ್ ಮ್ಯಾರಥಾನ್ ಮುಗಿಸಿದ 488 ಜನರ ರಕ್ತ ಪರೀಕ್ಷೆ ಮಾಡಿದಾಗ ಶೇ 13ರಷ್ಟು ಜನರಲ್ಲಿ ಸೋಡಿಯಂ, ಅಂದ್ರೆ ರಕ್ತದ ಉಪ್ಪಿನಂಶ, ಸಾಮಾನ್ಯ ಮಟ್ಟಕ್ಕಿಂತ ಕೆಳಗೆ ಇಳಿದಿತ್ತು. ಓಟದ ಮಧ್ಯೆ ತೂಕ ಏರಿಸಿಕೊಂಡವರಲ್ಲೇ ಅದು ಹೆಚ್ಚು. ಅಂದ್ರೆ ಬೆವರಿಗಿಂತ ಜಾಸ್ತಿ ಕುಡಿದಿದ್ದಾರೆ ಅಂತ. ನಾಲ್ಕು ಐದು ಗಂಟೆ ಓಡೋ ನಿಧಾನದವರು ಇದನ್ನು ಇನ್ನೂ ನೆನಪಿಟ್ಟುಕೊಳ್ಳಬೇಕು, ಅವರಿಗೆ ಕುಡಿಯೋಕೆ ಸಮಯ ಹೆಚ್ಚು. ಓಟಕ್ಕೆ ಮುಂಚೆ ನೋವಿನ ಮಾತ್ರೆ ನುಂಗೋ ಅಭ್ಯಾಸವೂ ಬೇಡ. ಐಬುಪ್ರೊಫೆನ್ ಥರದ್ದು ನೀರಡಿಸಿದ ದೇಹದಲ್ಲಿ ಕಿಡ್ನಿಗೆ ಪೆಟ್ಟು ಕೊಡುತ್ತೆ.

ಮುಂಜಾವು

ಬಹಳ ದಿನ ಆಯ್ತು ಬರೆದು. ಗುರಿಯಲ್ಲಿ ಮುಕ್ಕಾಲು ಭಾಗ ದುಡ್ಡು ಬಂದಿದೆ! ಒಬ್ಬೊಬ್ಬರಿಗೆ ಬರೆದದ್ದೇ ಕೆಲಸ ಮಾಡಿತು. ಕೊಡ್ತಾರೆ ಅಂದ್ಕೊಂಡವರು ಮೆಸೇಜ್ ನೋಡಿ ಸುಮ್ಮನಾದರು, ಕೇಳೋಕೇ ಹಿಂಜರಿದಿದ್ದ ಹಳೇ ಸಹೋದ್ಯೋಗಿ ಎಲ್ಲರಿಗಿಂತ ಹೆಚ್ಚು ಕೊಟ್ಟರು. ಅವರ ಮನೆಯಲ್ಲೂ ಆಗಿತ್ತಂತೆ, ನನಗೆ ಗೊತ್ತೇ ಇರಲಿಲ್ಲ.

ಆದರೆ ಎಡಗಾಲು ತೊಂದರೆ ಕೊಡ್ತಿದೆ. ಮೊಣಕಾಲಿಗಿಂತ ಕೆಳಗೆ, ಮುಂದಿನ ಮೂಳೆಯ ಒಳಬದಿ. ಮೊದಲು ಓಡೋಕೆ ಶುರು ಮಾಡಿದಾಗ ನೋಯ್ತಿತ್ತು, ಬಿಸಿಯಾದ ಮೇಲೆ ಹೋಗ್ತಿತ್ತು. ಈಗ ಹೋಗ್ತಾ ಇಲ್ಲ. ಓಟಕ್ಕೆ ಎರಡು ತಿಂಗಳೂ ಇಲ್ಲ, ಇಷ್ಟು ಜನ ದುಡ್ಡು ಕೊಟ್ಟು ಕೂತಿದ್ದಾರೆ. ಐಸ್ ಇಟ್ಟು, ಪಟ್ಟಿ ಸುತ್ತಿ ಎಳೆದುಬಿಡೋಣ ಅನ್ನಿಸ್ತಿದೆ.

ಛಲಗಾರ

ಎಳೀರಿ! ಟೆರಿ ಫಾಕ್ಸ್ ನೆನಪಿಸ್ಕೊಳ್ಳಿ. ಕ್ಯಾನ್ಸರ್‌ನಿಂದ ಬಲಗಾಲು ತೆಗೆದಿದ್ದರು, ಕೃತಕ ಕಾಲಿನಲ್ಲಿ ದಿನಾ ಹೆಚ್ಚುಕಮ್ಮಿ ಒಂದು ಮ್ಯಾರಥಾನ್ ದೂರ ಓಡಿದ. ಕ್ಯಾನ್ಸರ್ ಸಂಶೋಧನೆಗೇ ಓಡಿದ್ದು. ಅವನ ಮುಂದೆ ನಮ್ಮ ನೋವು ಯಾವ ಲೆಕ್ಕ? ಮನಸ್ಸಿದ್ದರೆ ಮಾರ್ಗ.

ಕೀಲುಮೂಳೆ

ಛಲಗಾರರೇ, ಟೆರಿ ಫಾಕ್ಸ್ ಕಥೆಯನ್ನು ಅರ್ಧಕ್ಕೇ ನಿಲ್ಲಿಸಿದಿರಿ. 1980ರ ಏಪ್ರಿಲ್ 12ರಂದು ಕೆನಡಾದ ಪೂರ್ವದ ತುದಿಯಲ್ಲಿ ಶುರು ಮಾಡಿದರು, 143 ದಿನದಲ್ಲಿ 5,373 ಕಿ.ಮೀ. ಆಯ್ತು. ಸೆಪ್ಟೆಂಬರ್ 1ರಂದು ಥಂಡರ್ ಬೇ ಹತ್ತಿರ ಎದೆನೋವು, ಕೆಮ್ಮು ತಡೆಯಲಾರದೆ ಅವರೇ ನಿಲ್ಲಿಸಿ ಆಸ್ಪತ್ರೆಗೆ ಹೋದರು. ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿತ್ತು. ದೇಶದ ಆ ತುದಿ ಮುಟ್ಟಲಿಲ್ಲ. ಆ ಹೊತ್ತಿಗೆ ಕೂಡಿದ್ದ ದುಡ್ಡು ಸುಮಾರು 17 ಲಕ್ಷ ಡಾಲರ್. 1981ರ ಫೆಬ್ರುವರಿಗೆ ಅದು 2 ಕೋಟಿ 41 ಲಕ್ಷ ದಾಟಿತ್ತು. ಅಂದ್ರೆ ದುಡ್ಡಿನ ಬಹುಪಾಲು ಬಂದದ್ದು ಅವರು ಓಟ ನಿಲ್ಲಿಸಿದ ಮೇಲೆ. ಅದೇ ವರ್ಷ ಜೂನ್‌ನಲ್ಲಿ ತೀರಿಕೊಂಡರು, 22 ವರ್ಷ. ಆಮೇಲಿನ ಕೋಟಿಗಟ್ಟಲೆ ಬಂದದ್ದು ಅವರ ಹೆಸರಲ್ಲಿ ಪ್ರತಿವರ್ಷ ಜನ ಓಡೋ, ನಡೆಯೋ ಓಟಗಳಿಂದ, ಅದರಲ್ಲಿ ಸ್ಪರ್ಧೆಯೂ ಇಲ್ಲ, ಸಮಯವೂ ಇಲ್ಲ.

ಮುಂಜಾವು ಅವರೇ, ಈಗ ಒಂದು ಕೆಲಸ ಮಾಡಿ. ಆ ಮೂಳೆಯ ಉದ್ದಕ್ಕೂ ಬೆರಳಿಂದ ಒತ್ತಿಕೊಂಡು ಬನ್ನಿ. ನಾಲ್ಕು ಬೆರಳಗಲ ಎಲ್ಲ ಕಡೆ ನೋಯುತ್ತಾ, ಇಲ್ಲ ಬೆರಳ ತುದಿಯಷ್ಟು ಒಂದೇ ಜಾಗದಲ್ಲಿ ಜೀವ ಹೋಗೋ ಹಾಗೆ ನೋಯುತ್ತಾ? ಆ ಒಂದೇ ಕಾಲಲ್ಲಿ ಕುಪ್ಪಳಿಸಿದರೆ ಏನಾಗುತ್ತೆ? ರಾತ್ರಿ ಮಲಗಿದಾಗಲೂ ನೋವಿದೆಯಾ?

ಮುಂಜಾವು

ಒಂದೇ ಜಾಗ. ಒತ್ತಿದರೆ ಕಣ್ಣಲ್ಲಿ ನೀರು ಬಂತು. ಒಂದು ಸಲ ಕುಪ್ಪಳಿಸಿದೆ, ಎರಡನೇ ಸಲ ಆಗಲಿಲ್ಲ. ನಿನ್ನೆ ರಾತ್ರಿ ಎಚ್ಚರವಾಗಿತ್ತು.

ಕೀಲುಮೂಳೆ

ಹಾಗಾದರೆ ಇವತ್ತಿನಿಂದ ಓಟ ಬಂದ್. ಮೂಳೆಗೆ ಪೆಟ್ಟು ಬಿದ್ದಿರಬಹುದು. ಪಟ್ಟಿ ಸುತ್ತಿ ಎಳೆದರೆ ಸಣ್ಣ ಬಿರುಕು ಪೂರ್ತಿ ಮುರಿತ ಆಗಬಹುದು. ಮೂಳೆ ಡಾಕ್ಟರ್‌ಗೆ ತೋರಿಸಿ. ಶುರುವಿನಲ್ಲಿ ಎಕ್ಸ್-ರೇಯಲ್ಲಿ ಏನೂ ಕಾಣದೇ ಇರಬಹುದು, "ಏನಿಲ್ಲ" ಅಂದರು ಅಂತ ಮತ್ತೆ ಓಡೋಕೆ ಹೋಗಬೇಡಿ, ಎಂಆರ್‌ಐ ಬೇಕಾ ಅಂತ ಕೇಳಿ. ಜೊತೆಗೆ ವಿಟಮಿನ್ ಡಿ ನೋಡಿಸಿ. ಓಟ ಏರಿದಷ್ಟು ಊಟ ಏರಿತ್ತಾ, ಮುಟ್ಟು ಏರುಪೇರಾಗಿದೆಯಾ ಅನ್ನೋದನ್ನೂ ಡಾಕ್ಟರ್‌ಗೆ ಹೇಳಿ, ಅದಕ್ಕೂ ಮೂಳೆಗೂ ನೇರ ಸಂಬಂಧ ಇದೆ.

ಗಟ್ಟಿಮುಟ್ಟ

ನೋಡ್ರಿ, ನಾ ಇಷ್ಟ ಹೇಳಾಂವ. ರೊಕ್ಕ ಕೊಟ್ಟವ್ರು ಸಂಶೋಧನಾಕ್ಕ ಕೊಟ್ಟಾರ, ನಿಮ್ಮ ಕಾಲಿಗಲ್ಲ. ನೀವು ಓಡಿದ್ರೂ ಆ ರೊಕ್ಕ ಅಲ್ಲೇ ಹೋಗೂದು, ಓಡ್ಲಿಲ್ಲಂದ್ರೂ ಅಲ್ಲೇ ಹೋಗೂದು. ಮತ್ಯಾಕ ಕಾಲು ಮುರಕೊಳ್ಳೂದು? ನಿಮ್ಮ ತಂಗಿ ಇಷ್ಟ ದಿನ ದವಾಖಾನಿ ನೋಡ್ಯಾಳ, ಇನ್ನ ನಿಮ್ಮನ್ನ ಬ್ಯಾರೆ ಕರಕೊಂಡು ತಿರಗಬೇಕೇನು?

ಛಲಗಾರ

ಸರಿ, ನನ್ನ ಮಾತು ವಾಪಸ್. ಬೇಗ ಗುಣವಾಗಲಿ.

ಮುಂಜಾವು

ಎಂಆರ್‌ಐ ಆಯ್ತು. ಮೂಳೆಯಲ್ಲಿ ಸ್ಟ್ರೆಸ್ ರಿಯಾಕ್ಷನ್, ಬಿರುಕು ಬಿಡೋಕೆ ಮುಂಚಿನ ಹಂತವಂತೆ. ಓಟ ಪೂರ್ತಿ ಬಂದ್, ಕೆಲವು ವಾರ ನಡಿಗೆಯೂ ಅಗತ್ಯಕ್ಕೆ ಮಾತ್ರ. ಈ ವರ್ಷದ ಮ್ಯಾರಥಾನ್ ಇಲ್ಲ ಅಂತ ಡಾಕ್ಟರ್ ಖಂಡತುಂಡವಾಗಿ ಹೇಳಿದರು. ನಿಜ ಹೇಳಬೇಕಂದ್ರೆ ಕ್ಲಿನಿಕ್ ಹೊರಗೆ ಕೂತು ಅತ್ತೆ.

ದುಡ್ಡು ಕೊಟ್ಟವರಿಗೆ ಏನಂತ ಹೇಳಲಿ? ಓಟದ ದಿನದವರೆಗೆ ಸುಮ್ಮನಿದ್ದುಬಿಡಲಾ?

ಲೆಕ್ಕಪತ್ರ

ಇವತ್ತೇ ಹೇಳಿ. ನಾಲ್ಕು ಸಾಲು ಸಾಕು: ಏನಾಯ್ತು, ಓಡೋಕಾಗಲ್ಲ, ನಿಮ್ಮ ದುಡ್ಡು ಆಗಲೇ ಟ್ರಸ್ಟ್‌ಗೆ ಸೇರಿದೆ, ಯಾರಿಗಾದರೂ ಇದು ಸರಿ ಬರಲಿಲ್ಲ ಅಂದ್ರೆ ನಾನು ಕೈಯಿಂದ ವಾಪಸ್ ಕೊಡ್ತೀನಿ. ಕ್ಷಮೆ ಕೇಳ್ತಾ ಉದ್ದ ಎಳೀಬೇಡಿ. ಟ್ರಸ್ಟ್ ಆವತ್ತು ಕಳಿಸಿದ ಮೇಲ್ ತೆಗೆದು ನೋಡಿ, ಓಡದಿದ್ದರೆ ಏನು ಅಂತ ಅದರಲ್ಲೇ ಇರಬೇಕು. ಸಾಮಾನ್ಯವಾಗಿ ಬಿಬ್ ಮುಂದಿನ ವರ್ಷಕ್ಕೆ ಹಾಕಿಕೊಟ್ಟರೂ ದುಡ್ಡಿನ ಗುರಿ ಮತ್ತೆ ಸೊನ್ನೆಯಿಂದ ಶುರುವಾಗುತ್ತೆ, ಒಪ್ಪೋಕೆ ಮುಂಚೆ ಅದನ್ನು ನೋಡ್ಕೊಳ್ಳಿ.

ಮುಂಜಾವು

ಎಲ್ಲರಿಗೂ ಬರೆದೆ. ನೀವು ಹೇಳಿದ ಹಾಗೇ ಇದೆ, ಈ ವರ್ಷದ ದುಡ್ಡು ಈ ವರ್ಷಕ್ಕೇ, ಬಿಬ್ ಮುಂದಕ್ಕೆ ಹಾಕಿದರೆ ಹೊಸ ಗುರಿ. ಸದ್ಯಕ್ಕೆ ಬೇಡ ಅಂದಿದ್ದೀನಿ. ಬಾಕಿ ಕಾಲು ಭಾಗ ಕೂಡಿಸೋಕೆ ಟ್ರಸ್ಟ್ ಓಟದ ದಿನದವರೆಗೆ ಸಮಯ ಕೊಟ್ಟಿದೆ. ಆವತ್ತು ನೀರಿನ ಸ್ಟಾಲ್‌ನಲ್ಲಿ ನಿಲ್ತೀನಿ. ತಂಗಿ ಅದೇ ದಿನದ 5 ಕಿ.ಮೀ. ನಡಿಗೆಗೆ ಡಾಕ್ಟರನ್ನು ಕೇಳಿ ಹೆಸರು ಕೊಟ್ಟಿದ್ದಾಳೆ, ನನ್ನನ್ನು ಕೇಳಿಲ್ಲ.

ಒಬ್ಬರು ಮಾತ್ರ "ಓಡಲ್ಲ ಅಂದ್ರೆ ನಾನ್ಯಾಕೆ ಕೊಡಬೇಕಿತ್ತು" ಅಂದರು. ಅವರಿಗೆ ಕೈಯಿಂದ ಕೊಟ್ಟೆ.

ದಾರಿಹೋಕ

ಆ ಒಬ್ಬರು ನಾನಲ್ಲ ಅಂತ ಇಲ್ಲೇ ಸ್ಪಷ್ಟಪಡಿಸ್ತೀನಿ.

ಮುಂಜಾವು

ಗೊತ್ತು ಸರ್ :) ಕೀಲುಮೂಳೆ ಅವರೇ, ಡಾಕ್ಟರ್ ಈಜುಕೊಳದಲ್ಲಿ ಓಡಬಹುದು ಅಂದಿದ್ದಾರೆ. ಅದು ಹೇಗೆ? ಮತ್ತೆ ರಸ್ತೆಗೆ ಬರೋದು ಯಾವಾಗ ಅಂತ ಹೇಗೆ ಗೊತ್ತಾಗುತ್ತೆ?

ಕೀಲುಮೂಳೆ

ಸೊಂಟಕ್ಕೆ ತೇಲುವ ಬೆಲ್ಟ್ ಕಟ್ಟಿ ಆಳದ ಕಡೆ ಇಳೀರಿ, ಪಾದ ತಳಕ್ಕೆ ತಾಗಬಾರದು. ಬೆನ್ನು ನೇರ, ಮಂಡಿ ಎತ್ತಿ ರಸ್ತೆಯಲ್ಲಿ ಓಡಿದ ಹಾಗೇ ಓಡಿ. ಇದ್ದಲ್ಲೇ ಇರ್ತೀರಿ, ಬೋರಾಗುತ್ತೆ, ಆದರೆ ಉಸಿರಿನ ತಾಕತ್ತು ಉಳಿಯುತ್ತೆ. ಆ ಜಾಗ ನೋವು ಅಂದರೆ ಅದನ್ನೂ ನಿಲ್ಲಿಸಿ.

ರಸ್ತೆಗೆ ಬರೋದು ಕ್ಯಾಲೆಂಡರ್ ನೋಡಿ ಅಲ್ಲ. ಒತ್ತಿದರೆ ನೋವಿರಬಾರದು, ಅರ್ಧ ಗಂಟೆ ಜೋರಾಗಿ ನಡೆದರೂ, ಮರುದಿನ ಬೆಳಗ್ಗೆಯೂ ಏನೂ ಅನ್ನಿಸಬಾರದು. ಆಮೇಲೆ ಡಾಕ್ಟರ್ ಸರಿ ಅಂದರೆ ಒಂದು ನಿಮಿಷ ಓಟ, ನಾಲ್ಕು ನಿಮಿಷ ನಡಿಗೆ, ಒಂದು ದಿನ ಬಿಟ್ಟು ಒಂದು ದಿನ. ಬರೋಕೆ ಮುಂಚೆ ಒಮ್ಮೆ ನಿಮ್ಮ ಶೂ ತಲೆಕೆಳಗೆ ಮಾಡಿ ನೋಡಿ, ಎಷ್ಟು ಕಿಲೋಮೀಟರ್ ಆಗಿದೆ ಅದಕ್ಕೆ? ಸಾಮಾನ್ಯವಾಗಿ 500ರಿಂದ 800ರೊಳಗೆ ಅದರ ಕಥೆ ಮುಗಿಯುತ್ತೆ.

ಮುಂಜಾವು

ನೋಡಿದೆ. ಮುಗಿದಿದೆ.